ಮಿದುಳಿನಲ್ಲಿ ಮಾತು ಎಲ್ಲಿರುತ್ತದೆ?

(ನಮ್ಮ ಆಸ್ಪತ್ರೆಯಲ್ಲಿ ರೋಗಿಗಳು ಮತ್ತು ಅವರ ಸಂಬಂಧಿಕರಿಗಾಗಿ ನಡೆದ ಆರೋಗ್ಯ ತಿಳಿವಳಿಕೆ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)



ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಕಡೆಯಿಂದ ಬಂದು ಇಲ್ಲಿ ಕುಳಿತಿದ್ದೀರಿ. ಕೆಲವರು ನಸುಕಿನ ಬಸ್ಸು ಹಿಡಿದು ಬಂದಿದ್ದೀರಿ. ಕೆಲವರು ವಾರದಿಂದ ವಾರ್ಡಿನ ಹೊರಗೆ ಚಾಪೆ ಹಾಸಿಕೊಂಡು ನಿಮ್ಮವರ ಸೇವೆ ಮಾಡುತ್ತಿದ್ದೀರಿ. ಪ್ರತಿ ಸಲ ನಾನು ಸಕ್ಕರೆ ಕಾಯಿಲೆ, ಬಿ.ಪಿ., ಬಾಣಂತಿಯ ಆರೈಕೆ ಇಂಥ ವಿಷಯಗಳನ್ನು ಹೇಳುತ್ತಿದ್ದೆ. ಇಂದಿನ ವಿಷಯ ಸ್ವಲ್ಪ ಬೇರೆ. ಒಬ್ಬ ತಾಯಿ ಕೇಳಿದ ಪ್ರಶ್ನೆಯಿಂದ ಇದು ಹುಟ್ಟಿತು. ಅವರ ಒಪ್ಪಿಗೆ ಪಡೆದೇ ಹೇಳುತ್ತಿದ್ದೇನೆ. ಹೆಸರು, ಊರು ಬೇಡ.

ಅವರ ಮಗ ಶಿಗ್ಗಾಂವಿ ಕಡೆಯ ಒಂದು ತಾಂಡಾದ ಹುಡುಗ. ಗೂಡ್ಸ್ ಟೆಂಪೋ ಓಡಿಸುತ್ತಿದ್ದ. ಮಾತಾಡುತ್ತ ಮಾತಾಡುತ್ತ ಒಮ್ಮೆಲೇ ಅವನ ಮಾತು ನಿಂತುಬಿಡುತ್ತಿತ್ತು. ಬಾಯಿಯ ಬಲಗಡೆ ಅದುರುತ್ತಿತ್ತು. ಎರಡು ನಿಮಿಷಕ್ಕೆ ಸರಿಹೋಗುತ್ತಿತ್ತು. ಅವನಿಗೆ ಎಲ್ಲ ಎಚ್ಚರ ಇರುತ್ತಿತ್ತು, ಎದುರಿಗಿದ್ದವರು ಆಡಿದ್ದು ತಿಳಿಯುತ್ತಿತ್ತು, ತನ್ನ ಮಾತು ಮಾತ್ರ ಹೊರಗೆ ಬರುತ್ತಿರಲಿಲ್ಲ. ಇದೂ ಒಂದು ಬಗೆಯ ಫಿಟ್ಸ್. ಕೈಕಾಲು ಸೆಟೆದು, ನೊರೆ ಬಂದು ಬಿದ್ದರೆ ಮಾತ್ರ ಫಿಟ್ಸ್ ಎಂದು ನಾವು ತಿಳಿದಿರುತ್ತೇವೆ. ಹಾಗಲ್ಲ. ನಮ್ಮ ಡಾಕ್ಟರು ಎಂ.ಆರ್.ಐ. ಮಾಡಿಸಿದರು. ಮಿದುಳಿನ ಎಡಭಾಗದಲ್ಲಿ, ಮುಂದಿನ ಕಡೆಗೆ ಗಡ್ಡೆ ಇತ್ತು. ಬೆಂಗಳೂರಿಗೆ ಹೋಗಿ ಆಪರೇಶನ್ ಮಾಡಿಸಿ ಎಂದರು.

ಮರುದಿನ ಆ ತಾಯಿ ಡಿಸ್ಚಾರ್ಜ್ ಕೇಳಿಕೊಂಡು ನನ್ನ ಹತ್ತಿರ ಬಂದರು. “ಅಕ್ಕಾರ, ತಲಿಯೊಳಗ ಮಾತು ಎಲ್ಲಿ ಇರತೈತ್ರಿ? ಗಡ್ಡಿ ತಗದ್ರ ಮಾತು ಹೋಕ್ಕೈತಿ ಅಂತ ಎಲ್ಲಾರೂ ಹೇಳಾಕತ್ಯಾರ. ಮಾತು ಹೋದ ಮ್ಯಾಲ ನನ್ನ ಮಗಾ ಹ್ಯಾಂಗ ಬಾಳ್ವೆ ಮಾಡ್ಯಾನ? ಇದ್ದಷ್ಟು ದಿನ ಹಿಂಗ ಇರ್ಲಿ ಬಿಡ್ರಿ” ಎಂದರು.

ನೀವು ನಗಬೇಡಿ. ಅವರ ಪ್ರಶ್ನೆ ದೊಡ್ಡ ದೊಡ್ಡ ವೈದ್ಯರು ನೂರೈವತ್ತು ವರ್ಷಕ್ಕೂ ಮೇಲಾಗಿ ಕೇಳುತ್ತ ಬಂದ ಪ್ರಶ್ನೆಯೇ. ಅವರ ಭಯವೂ ಪೊಳ್ಳು ಭಯವಲ್ಲ. ಆ ದಿನ ನನಗೆ ತಿಳಿದಷ್ಟನ್ನು ಅವರಿಗೆ ಹೇಳಿದೆ. ನಂತರ ಓದಿ, ಕೇಳಿ ತಿಳಿದುಕೊಂಡದ್ದನ್ನೂ ಸೇರಿಸಿ ಈಗ ನಿಮಗೆ ಹೇಳುತ್ತೇನೆ.

1861ರಲ್ಲಿ ಪ್ಯಾರಿಸ್ ನಗರದ ಪಾಲ್ ಬ್ರೋಕಾ ಎಂಬ ವೈದ್ಯರ ಬಳಿಗೆ ಒಬ್ಬ ರೋಗಿ ಬಂದಿದ್ದ. ಅವನು “ತಾನ್” ಎಂಬ ಒಂದೇ ಶಬ್ದ ಆಡುತ್ತಿದ್ದ. ಏನು ಕೇಳಿದರೂ “ತಾನ್, ತಾನ್”. ಬೇರೆಯವರು ಹೇಳಿದ್ದು ಮಾತ್ರ ಅವನಿಗೆ ಬಹಳಷ್ಟು ತಿಳಿಯುತ್ತಿತ್ತು. ಅವನು ತೀರಿಕೊಂಡ ಮೇಲೆ ಮಿದುಳನ್ನು ತೆಗೆದು ನೋಡಿದಾಗ ಎಡಭಾಗದ ಮುಂದಿನ ಕಡೆ ಹಾಳಾಗಿತ್ತು. 1874ರಲ್ಲಿ ಜರ್ಮನಿಯ ಕಾರ್ಲ್ ವೆರ್ನಿಕೆ ಇನ್ನೊಂದು ಜಾಗವನ್ನು ತೋರಿಸಿಕೊಟ್ಟರು. ಅದು ಎಡಗಿವಿಯ ಮೇಲ್ಗಡೆ, ಸ್ವಲ್ಪ ಹಿಂದಕ್ಕೆ ಇದೆ. ಅಲ್ಲಿ ಪೆಟ್ಟಾದವರು ಸರಾಗವಾಗಿ ಮಾತಾಡುತ್ತಾರೆ, ಆದರೆ ಮಾತಿಗೆ ಅರ್ಥ ಇರುವುದಿಲ್ಲ, ನಾವು ಹೇಳಿದ್ದೂ ಅವರಿಗೆ ತಿಳಿಯುವುದಿಲ್ಲ. ಮುಂದಿನ ಜಾಗ ಮಾತನ್ನು ಕಟ್ಟಿ ಹೊರಗೆ ತರುವುದು, ಹಿಂದಿನ ಜಾಗ ಮಾತಿನ ಅರ್ಥ ಹಿಡಿಯುವುದು ಎಂದು ಸ್ಥೂಲವಾಗಿ ತಿಳಿದುಕೊಳ್ಳಿ. ಎರಡನ್ನೂ ಜೋಡಿಸುವ ನರತಂತುಗಳ ದಪ್ಪನೆಯ ಕಟ್ಟು ಒಳಗೆ ಇದೆ. ಇವೆರಡೇ ಅಲ್ಲ, ಇನ್ನೂ ಹಲವು ಜಾಗಗಳು ಮಾತಿಗೆ ಕೈಗೂಡಿಸುತ್ತವೆ ಎಂದು ಈಗಿನವರು ಹೇಳುತ್ತಾರೆ. ಒಂದೇ ಎತ್ತಿನಿಂದ ಬಂಡಿ ಎಳೆಯಲಾಗದು ತಾನೇ?

ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ನನ್ನ ಸೋದರಮಾವ ಸವಣೂರು ಕಡೆಯವರು. ಎಲೆಬಳ್ಳಿಯ ತೋಟ ಅವರದು. ಒಂದು ದಿನ ಬೆಳಿಗ್ಗೆ ಎದ್ದವರು ಅಸಂಬದ್ಧ ಮಾತಾಡಲು ಶುರುಮಾಡಿದರು. ನೀರು ಕೊಡು ಎನ್ನಬೇಕಾದಲ್ಲಿ ಮತ್ತೇನೋ ಹೇಳುತ್ತಿದ್ದರು, ಕೊಟ್ಟಿದ್ದನ್ನು ಸಿಟ್ಟಿನಿಂದ ದೂಡುತ್ತಿದ್ದರು. ಕೈಕಾಲು ಚೆನ್ನಾಗಿಯೇ ಇದ್ದವು. ಗಾಳಿ ಸೋಕಿದೆ ಎಂದು ಮನೆಯವರು ತಾಯತ ಕಟ್ಟಿಸಿದರು. ನನಗೆ ಫೋನು ಮಾಡಿದಾಗ, ಆಗಲೇ ನರ್ಸಿಂಗ್ ಡಿಪ್ಲೊಮಾ ಮುಗಿಸಿದ್ದ ನಾನು, “ವಯಸ್ಸಾಯ್ತು, ಅರಳುಮರಳು ಇರಬೇಕು” ಎಂದೆ. ಐದು ದಿನದ ಮೇಲೆ ಸ್ಕ್ಯಾನ್ ಮಾಡಿಸಿದರೆ ಅದು ಲಕ್ವಾ. ಕೈಕಾಲಿಗೆ ಹೊಡೆಯದೆ, ಮಾತಿನ ಅರ್ಥ ಹಿಡಿಯುವ ಆ ಹಿಂದಿನ ಜಾಗಕ್ಕೆ ಹೊಡೆದಿತ್ತು. ಅದನ್ನು ಅಫೇಸಿಯಾ ಎನ್ನುತ್ತಾರೆ. ಅದು ಹುಚ್ಚಲ್ಲ, ಮರೆವಲ್ಲ, ಗಾಳಿ ಸೋಕಿದ್ದೂ ಅಲ್ಲ. ಮಾವ ಒಳಗೆ ಮೊದಲಿನ ಮಾವನೇ ಆಗಿದ್ದರು.

ಆದ್ದರಿಂದ ಇದೊಂದನ್ನು ಇವತ್ತೇ ಮನೆಗೆ ಒಯ್ಯಿರಿ. ಮಾತು ಒಮ್ಮೆಲೇ ನಿಂತರೆ, ತೊದಲಿದರೆ ಅಥವಾ ಅರ್ಥವಿಲ್ಲದಂತೆ ಬಂದರೆ ಕೈಕಾಲು ಬೀಳುವ ತನಕ ಕಾಯಬೇಡಿ. ರಕ್ತ ಹೆಪ್ಪುಗಟ್ಟಿ ಆಗುವ ಲಕ್ವಾಕ್ಕೆ ಹೆಪ್ಪು ಕರಗಿಸುವ ಇಂಜೆಕ್ಷನ್ ಇದೆ. ಅದನ್ನು ಸಾಮಾನ್ಯವಾಗಿ ನಾಲ್ಕೂವರೆ ತಾಸಿನ ಒಳಗೆ ಕೊಡಬೇಕು. ಅದಕ್ಕೂ ಮೊದಲು ಸ್ಕ್ಯಾನ್ ಆಗಬೇಕು. ಊರಿನಿಂದ ದೊಡ್ಡ ಆಸ್ಪತ್ರೆ ಮುಟ್ಟಲು ಎಷ್ಟು ಹೊತ್ತು ಬೇಕು ಎಂಬ ಲೆಕ್ಕ ನಿಮಗೇ ಗೊತ್ತಿದೆ. 108ಕ್ಕೆ ಫೋನು ಮಾಡಿ.

ಈಗ ಆ ಹುಡುಗನ ವಿಷಯಕ್ಕೆ ಬರೋಣ. ಎಡ ಮಿದುಳು ಬಲಗೈಯನ್ನು ಆಳುತ್ತದೆ, ಬಲ ಮಿದುಳು ಎಡಗೈಯನ್ನು ಆಳುತ್ತದೆ. ಬಲಗೈಯಲ್ಲಿ ಕೆಲಸ ಮಾಡುವ ನೂರು ಜನರನ್ನು ತೆಗೆದುಕೊಂಡರೆ ಸುಮಾರು 95 ಜನರಿಗೆ ಮಾತಿನ ಮುಖ್ಯ ಜಾಗ ಎಡಗಡೆ ಇರುತ್ತದೆ. ಬಲಗೈ ಬಿದ್ದ ಲಕ್ವಾ ರೋಗಿಗಳಿಗೆ ಮಾತೂ ಹೋಗಿರುವುದನ್ನು ವಾರ್ಡಿನಲ್ಲಿ ನೀವೇ ನೋಡಿದ್ದೀರಿ. ಕಾರಣ ಇದೇ. ಎಡಚರಲ್ಲಿ ನೂರಕ್ಕೆ 70ಕ್ಕೂ ಹೆಚ್ಚು ಜನರಿಗೆ ಎಡಗಡೆಯೇ ಇದ್ದರೂ ಉಳಿದವರಿಗೆ ಬಲಗಡೆ ಅಥವಾ ಎರಡೂ ಕಡೆ ಹಂಚಿಕೊಂಡಿರುತ್ತದೆ. ಇನ್ನೊಂದು ಸಂಗತಿ ಇದೆ. ಗಡ್ಡೆ ನಿಧಾನವಾಗಿ ಬೆಳೆದಾಗ, ಅಥವಾ ಚಿಕ್ಕಂದಿನಿಂದ ಫಿಟ್ಸ್ ಇದ್ದಾಗ, ಮಾತಿನ ಕೆಲಸ ತನ್ನ ಜಾಗದಿಂದ ಸ್ವಲ್ಪ ಸರಿದುಕೊಳ್ಳಬಹುದು. ಆದ್ದರಿಂದ ಪುಸ್ತಕದಲ್ಲಿರುವ ಚಿತ್ರ ನೋಡಿ ಯಾರ ತಲೆಗೂ ಕತ್ತಿ ಹಾಕಲಾಗದು. ಒಬ್ಬೊಬ್ಬರ ನಕಾಶೆ ಒಂದೊಂದು. ಸರ್ವೆ ನಂಬರು ಒಂದೇ ಆದರೂ ಹೊಲದ ಬದು ಎಲ್ಲಿದೆ ಎಂದು ನೋಡಲು ಮೋಜಣಿಯವರೇ ಬಂದು ಸರಪಳಿ ಎಳೆಯಬೇಕಲ್ಲವೇ? ಹಾಗೆ.

ಮೊದಲು ಈ ಮೋಜಣಿ ಬಹಳ ಕಷ್ಟದ್ದಿತ್ತು. ಜುನ್ ವಾಡಾ ಎಂಬ ಜಪಾನಿನ ವೈದ್ಯರು 1949ರಲ್ಲಿ ಒಂದು ಪರೀಕ್ಷೆಯನ್ನು ಪ್ರಕಟಿಸಿದರು. ಕೊರಳಿನಿಂದ ಮಿದುಳಿಗೆ ಹೋಗುವ ರಕ್ತನಾಳಕ್ಕೆ ಔಷಧ ಬಿಟ್ಟು ಅರ್ಧ ಮಿದುಳನ್ನು ಕೆಲವು ನಿಮಿಷ ಮಲಗಿಸುವುದು, ಆಗ ರೋಗಿಯನ್ನು ಮಾತಾಡಿಸಿ ನೋಡುವುದು. ಮಾತು ನಿಂತರೆ ಮಾತು ಆ ಕಡೆ ಇದೆ ಎಂದು ಅರ್ಥ. ಉಪಯುಕ್ತ ಪರೀಕ್ಷೆಯೇ. ಆದರೆ ರಕ್ತನಾಳದೊಳಗೆ ನಳಿಕೆ ಹಾಕಬೇಕು, ಅದರದೇ ಅಪಾಯ ಇದೆ. ಎಡವೋ ಬಲವೋ ಎಂದು ಹೇಳುತ್ತದೆಯೇ ಹೊರತು ಯಾವ ಓಣಿ, ಯಾವ ಮನೆ ಎಂದು ಹೇಳುವುದಿಲ್ಲ.

ಚರ್ಮ ಕುಯ್ಯದೆ, ನಳಿಕೆ ಹಾಕದೆ, ಎಕ್ಸ್-ರೇ ಕಿರಣವೂ ಇಲ್ಲದೆ ನೋಡುವ ದಾರಿ 1990ರಲ್ಲಿ ತೆರೆಯಿತು. ಅಮೆರಿಕದಲ್ಲಿ ಕೆಲಸ ಮಾಡುತ್ತಿದ್ದ ಸೇಜಿ ಒಗಾವಾ ಎಂಬ ಜಪಾನಿನ ವಿಜ್ಞಾನಿ ಅದನ್ನು ತೋರಿಸಿಕೊಟ್ಟರು. ಅದಕ್ಕೆ ಫಂಕ್ಷನಲ್ ಎಂ.ಆರ್.ಐ. ಎನ್ನುತ್ತಾರೆ. ಯಂತ್ರ ನೀವು ನೋಡಿದ ಎಂ.ಆರ್.ಐ. ಯಂತ್ರವೇ. ಸಾದಾ ಎಂ.ಆರ್.ಐ. ಮಿದುಳಿನ ಆಕಾರ ತೋರಿಸುತ್ತದೆ. ಇದು ಕೆಲಸ ಮಾಡುತ್ತಿರುವ ಜಾಗವನ್ನು ತೋರಿಸುತ್ತದೆ.

ಹೇಗೆ? ಹಿರೇಕೆರೂರು ಕಡೆಯವರಿಗೆ ಮದಗದ ಕೆರೆಯ ಕಾಲುವೆ ಗೊತ್ತು. ಯಾವ ಹೊಲದಲ್ಲಿ ಬೆಳೆಗೆ ನೀರು ಬೇಕೋ ಆ ಕಡೆ ತೂಬು ತೆಗೆದು ಬಿಡುತ್ತಾರೆ. ಬಿಟ್ಟ ನೀರು ಬೇಕಾದದ್ದಕ್ಕಿಂತ ಸ್ವಲ್ಪ ಹೆಚ್ಚೇ ಇರುತ್ತದೆ. ಮಿದುಳೂ ಹಾಗೆಯೇ. ನಮ್ಮ ದೇಹದ ತೂಕದಲ್ಲಿ ಅದು ನೂರಕ್ಕೆ ಎರಡು ಪಾಲು ಮಾತ್ರ, ಆದರೆ ನಾವು ಉಸಿರಾಡುವ ಆಮ್ಲಜನಕದಲ್ಲಿ ನೂರಕ್ಕೆ ಇಪ್ಪತ್ತು ಪಾಲು ಅದಕ್ಕೇ ಬೇಕು. ಮಿದುಳಿನ ಯಾವುದೋ ಜಾಗ ಕೆಲಸಕ್ಕೆ ನಿಂತಾಗ ಅಲ್ಲಿಗೆ ಶುದ್ಧ ರಕ್ತ ಹೆಚ್ಚಾಗಿ ಹರಿದು ಬರುತ್ತದೆ, ಖರ್ಚಾಗುವುದಕ್ಕಿಂತ ಹೆಚ್ಚಾಗಿಯೇ ಬರುತ್ತದೆ. ಆಮ್ಲಜನಕ ಇರುವ ರಕ್ತಕ್ಕೂ ಖರ್ಚಾದ ರಕ್ತಕ್ಕೂ ಅಯಸ್ಕಾಂತದ ಎದುರು ಸ್ವಲ್ಪ ವ್ಯತ್ಯಾಸ ಕಾಣುತ್ತದೆ. ಆ ವ್ಯತ್ಯಾಸವನ್ನು ಯಂತ್ರ ಹಿಡಿಯುತ್ತದೆ. ವ್ಯತ್ಯಾಸ ಬಹಳ ಸಣ್ಣದು, ನೂರಕ್ಕೆ ಒಂದೆರಡು ಪಾಲು. ಅದೂ ಕೂಡಲೇ ಕಾಣುವುದಿಲ್ಲ, ಐದಾರು ಸೆಕೆಂಡು ಬಿಟ್ಟು ಕಾಣುತ್ತದೆ. ಆದ್ದರಿಂದ ಒಂದು ಸಲ ನೋಡಿದರೆ ಸಾಲದು. ಅರ್ಧ ನಿಮಿಷ ಕೆಲಸ, ಅರ್ಧ ನಿಮಿಷ ವಿಶ್ರಾಂತಿ, ಮತ್ತೆ ಕೆಲಸ, ಮತ್ತೆ ವಿಶ್ರಾಂತಿ, ಹೀಗೆ ಹಲವು ಸಲ ಮಾಡಿಸಿ ಕಂಪ್ಯೂಟರು ತಾಳೆ ಹಾಕುತ್ತದೆ. ಜೋಳದ ಕಾಳಿನಷ್ಟು ಸಣ್ಣ ಸಣ್ಣ ಚೌಕಗಳಲ್ಲಿ ಲೆಕ್ಕ ಮಾಡಿ, ಕೆಲಸ ಮಾಡಿದ ಜಾಗಕ್ಕೆ ಬಣ್ಣ ಹಚ್ಚಿ ಕೊಡುತ್ತದೆ. ಸಿನಿಮಾದಲ್ಲಿ ತೋರಿಸುವಂತೆ ಮಿದುಳು ಒಳಗೆ ದೀಪ ಹತ್ತಿಸಿಕೊಂಡು ಹೊಳೆಯುವುದಿಲ್ಲ. ಬಣ್ಣ ಕಂಪ್ಯೂಟರಿನದು.

ಇನ್ನು ಕೆಲಸ ಎಂದರೆ ಏನು ಮಾಡಿಸುತ್ತಾರೆ? ರೋಗಿಯನ್ನು ಯಂತ್ರದ ಸುರಂಗದಲ್ಲಿ ಮಲಗಿಸಿ ಕಿವಿಗೆ ಹೆಡ್‌ಫೋನ್ ಹಾಕುತ್ತಾರೆ. ಒಂದು ಹೆಸರು ಕೇಳಿಸುತ್ತದೆ, ಅದಕ್ಕೆ ಹೊಂದುವ ಕ್ರಿಯೆಯನ್ನು ಮನಸ್ಸಿನಲ್ಲೇ ಅಂದುಕೊಳ್ಳಬೇಕು. ಕುಡಗೋಲು ಎಂದರೆ ಕೊಯ್ಯುವುದು. ಬೀಸುಕಲ್ಲು ಎಂದರೆ ಬೀಸುವುದು. ರಂಟೆ ಎಂದರೆ ಹೊಡೆಯುವುದು. ಇಲ್ಲವೇ ಕನ್ನಡಿಯಲ್ಲಿ ಚಿತ್ರ ತೋರಿಸಿ ಹೆಸರು ಅಂದುಕೊಳ್ಳಿ ಎನ್ನುತ್ತಾರೆ. ಒಂದು ಅಕ್ಷರ ಹೇಳಿ, ಅದರಿಂದ ಶುರುವಾಗುವ ಶಬ್ದ ಎಷ್ಟು ಬರುತ್ತವೋ ಅಷ್ಟನ್ನು ಮನಸ್ಸಿನಲ್ಲಿ ಎಣಿಸಿ ಎನ್ನುತ್ತಾರೆ. ಸಣ್ಣ ಕಥೆ ಕೇಳಿಸುತ್ತಾರೆ. ತುಟಿ ಬಿಚ್ಚಿ ಹೇಳಬಾರದು, ಯಾಕೆಂದರೆ ದವಡೆ ಆಡಿದರೆ ತಲೆ ಅಲುಗುತ್ತದೆ. ತಲೆ ಕೆಲವೇ ಮಿಲಿಮೀಟರು ಅಲುಗಿದರೂ ಚಿತ್ರ ಕೆಡುತ್ತದೆ. ಮಲಗಿ ಮನಸ್ಸಿನಲ್ಲೇ ಮಾತಾಡುವುದಷ್ಟೇ ರೋಗಿಯ ಪಾಲಿನ ಕೆಲಸ. ಕೇಳಲು ಸುಲಭ. ಆ ಗದ್ದಲದಲ್ಲಿ ಮಾಡಲು ಅಷ್ಟು ಸುಲಭವಲ್ಲ.

ನಮ್ಮ ಹುಡುಗನಿಗೆ ಎಡವಟ್ಟಾದದ್ದು ಇಲ್ಲಿಯೇ. ತಾಯಿ ಕೊನೆಗೆ ಒಪ್ಪಿದರು, ಅವರು ಬೆಂಗಳೂರಿನ ಒಂದು ಆಸ್ಪತ್ರೆಗೆ ಹೋದರು, ಪರೀಕ್ಷೆ ಆಯಿತು. ನಕಾಶೆ ಸರಿಯಾಗಿ ಬರಲಿಲ್ಲ. ಅಲ್ಲಿಷ್ಟು ಇಲ್ಲಿಷ್ಟು ಮಾಸಿದ ಬಣ್ಣ. ಹುಡುಗ ನನಗೆ ಫೋನಿನಲ್ಲಿ, “ಅಕ್ಕಾ, ಆ ಶಬ್ದ ಭಾಳ ಬುಕ್ಕಿನ ಕನ್ನಡ ಇದ್ವು. ಅರ್ಧ ತಿಳೀಲೇ ಇಲ್ಲ. ಸುಮ್ಮ ಕಣ್ಣು ಮುಚ್ಚಿ ಬಿದ್ದಿದ್ದೆ” ಎಂದ. ಅವನು ಮೂರನೇ ಇಯತ್ತೆಗೆ ಶಾಲೆ ಬಿಟ್ಟವನು. ಮನೆಯಲ್ಲಿ ಆಡುವುದು ಲಂಬಾಣಿ. ಕನ್ನಡ ಅವನಿಗೆ ಬಾಜಾರದ ಮಾತು, ಟೆಂಪೋ ಸ್ಟ್ಯಾಂಡಿನ ಮಾತು. ಆಸ್ಪತ್ರೆಯವರು ಏನು ಮಾಡಬೇಕಿತ್ತು? ಇಲ್ಲಿಂದ ಹೋದ ಕಾಗದದಲ್ಲಿ “ಮಾತೃಭಾಷೆ: ಕನ್ನಡ” ಎಂದು ಬರೆದಿತ್ತು. ಆ ಕಾಗದ ತುಂಬಿದವಳು ನಾನು. ನನ್ನೊಡನೆ ಕನ್ನಡದಲ್ಲಿ ಮಾತಾಡುತ್ತಿದ್ದರು, ಕೇಳಬೇಕು ಎಂದು ತೋಚಲೇ ಇಲ್ಲ.

ಎರಡನೇ ಸಲಕ್ಕೆ ಅವನ ತಂಗಿಯಿಂದಲೇ ಮನೆಮಾತಿನ ಶಬ್ದಗಳನ್ನು ಹೇಳಿಸಿ ಧ್ವನಿ ತೆಗೆದುಕೊಂಡರು. ನೀರಿಗೆ ಪಾಣಿ, ರೊಟ್ಟಿಗೆ ಬಾಟಿ, ಹೀಗೆ. ಜೊತೆಗೆ ಓದು ಬೇಡದ ಚಿತ್ರಗಳು, ಆಡುಗನ್ನಡದ ಶಬ್ದಗಳು. ನಕಾಶೆ ಚೆನ್ನಾಗಿ ಬಂತು.

ನಮ್ಮ ಈ ನಾಲ್ಕು ತಾಲೂಕುಗಳನ್ನೇ ನೋಡಿ. ಸವಣೂರಿನಲ್ಲಿ ಉರ್ದು ಮನೆಮಾತಿನವರು ಎಷ್ಟು ಜನ, ತಾಂಡಾಗಳಲ್ಲಿ ಲಂಬಾಣಿ ಆಡುವವರು ಎಷ್ಟು ಜನ! ಮರಾಠಿ, ತೆಲುಗು ಆಡುವ ಮನೆಗಳೂ ಇವೆ. ಇವರೆಲ್ಲ ಹೊರಗೆ ಕನ್ನಡ ಆಡುತ್ತಾರೆ. ಎರಡು ಭಾಷೆ ಬಲ್ಲವರ ಮಿದುಳಿನಲ್ಲಿ ಎರಡಕ್ಕೂ ಒಂದೇ ಜಾಗವೋ ಬೇರೆ ಬೇರೆಯೋ ಎಂದು 1997ರಲ್ಲಿ ನ್ಯೂಯಾರ್ಕಿನ ಸಂಶೋಧಕರು ಇದೇ ಯಂತ್ರದಿಂದ ನೋಡಿದರು. ಎರಡನ್ನೂ ಎಳೆತನದಲ್ಲೇ ಕಲಿತವರಲ್ಲಿ ಮುಂದಿನ ಜಾಗ ಒಂದೇ ಆಗಿ ಕಂಡಿತು, ಎರಡನೆಯದನ್ನು ದೊಡ್ಡವರಾದ ಮೇಲೆ ಕಲಿತವರಲ್ಲಿ ಪಕ್ಕಪಕ್ಕದ ಎರಡು ಜಾಗಗಳಾಗಿ ಕಂಡಿತು. ಆಮೇಲಿನ ಪರೀಕ್ಷೆಗಳಲ್ಲಿ ಇದು ಎಲ್ಲರಲ್ಲೂ ಇಷ್ಟು ಚೊಕ್ಕಟವಾಗಿ ಕಾಣಲಿಲ್ಲ, ಬಹುಪಾಲು ಜಾಗ ಎರಡು ಭಾಷೆಗೂ ಸಮನಾಗಿಯೇ ಇರುತ್ತದೆ. ಆದರೂ ಸರ್ಜನ್ನರಿಗೆ ಆ ಸ್ವಲ್ಪ ವ್ಯತ್ಯಾಸವೇ ಮುಖ್ಯ. ಆದ್ದರಿಂದ ಬಳಸುವ ಎರಡೂ ಭಾಷೆಯಲ್ಲಿ ಪರೀಕ್ಷೆ ಆಗುವುದು ಒಳ್ಳೆಯದು.

ಓದುವುದಕ್ಕೆ ಮತ್ತೆ ಬೇರೆ ದಾರಿಗಳಿವೆ. 1981ರಲ್ಲಿ ಪ್ರತಿಭಾ ಕಾರಂತ ಅವರು ಕನ್ನಡ, ಇಂಗ್ಲಿಷ್ ಎರಡೂ ಬಲ್ಲ ಒಬ್ಬ ರೋಗಿಯ ಓದು ಹೋದ ಬಗೆಯನ್ನು ವಿದೇಶದ ವೈದ್ಯಕೀಯ ಪತ್ರಿಕೆಯಲ್ಲಿ ವರದಿ ಮಾಡಿದ್ದರು. ಇಂಥ ತೊಂದರೆಯಲ್ಲಿ ರೋಗಿ ಬರೆಯಬಲ್ಲ, ತಾನು ಬರೆದದ್ದನ್ನು ತಾನೇ ಓದಲಾರ. ನಮ್ಮ ಕನ್ನಡದ ಕಾಗುಣಿತದ ಓದು ಮಿದುಳಿನಲ್ಲಿ ಹೇಗೆ ನಡೆಯುತ್ತದೆ ಎಂದು ನೋಡಿದ ನಮ್ಮವರೂ ಇದ್ದಾರೆ ಎಂಬುದಕ್ಕೆ ಇದನ್ನು ಹೇಳಿದೆ. ಮೈಸೂರಿನಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಅಫೇಸಿಯಾ ಆದವರಿಗೆ ಕನ್ನಡದಲ್ಲೇ ಪರೀಕ್ಷೆ, ಕನ್ನಡದಲ್ಲೇ ಮಾತಿನ ಚಿಕಿತ್ಸೆ ಅಲ್ಲಿ ಸಿಗುತ್ತದೆ.

ಪರೀಕ್ಷೆಗೆ ಹೋಗುವವರ ಸಿದ್ಧತೆಯನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಈ ಅಯಸ್ಕಾಂತ ಸಾಮಾನ್ಯವಾಗಿ 3 ಟೆಸ್ಲಾ ಶಕ್ತಿಯದು, ಎಂದರೆ ಭೂಮಿಯ ಅಯಸ್ಕಾಂತ ಶಕ್ತಿಗಿಂತ ಹತ್ತಾರು ಸಾವಿರ ಪಟ್ಟು ಹೆಚ್ಚು. ಅದು ಯಾವಾಗಲೂ ಚಾಲೂ ಇರುತ್ತದೆ, ಸ್ಕ್ಯಾನ್ ನಡೆಯದಿದ್ದಾಗಲೂ. ಆದ್ದರಿಂದ ಲೋಹದ ವಸ್ತು ಯಾವುದೂ ಒಳಗೆ ಹೋಗಬಾರದು. ತಾಳಿ, ಕಾಲುಂಗುರ, ಮೂಗುಬೊಟ್ಟು, ಬೆಂಡೋಲೆ, ಬೆಳ್ಳಿಯ ಉಡದಾರ, ತಗಡಿನ ತಾಯತ, ಸೆರಗಿನ ಪಿನ್ನು, ಕೂದಲಿನ ಕ್ಲಿಪ್ಪು, ಎಲ್ಲ ತೆಗೆಯಬೇಕು. ತಾಳಿ ತೆಗೆಯಲು ನಮ್ಮ ತಾಯಂದಿರು ಅಳುತ್ತಾರೆ. ಅರಿಷಿಣದ ಕೊಂಬು ಕಟ್ಟಿದ ಬರೀ ದಾರವನ್ನು ಕೊರಳಲ್ಲಿ ಇರಿಸಿಕೊಳ್ಳಬಹುದೇ ಎಂದು ಅಲ್ಲಿಯವರನ್ನು ಕೇಳಿ. ಇಷ್ಟಲಿಂಗ ಧರಿಸಿದವರು ಬೆಳ್ಳಿಯ ಕರಡಿಗೆಯನ್ನು ಮಡಿ ವಸ್ತ್ರದಲ್ಲಿ ಸುತ್ತಿ ಮನೆಯವರ ಕೈಯಲ್ಲಿ ಕೊಟ್ಟು ಒಳಗೆ ಹೋಗಿ. ಕರಡಿಗೆ ಯಾರ ಕೈಯಲ್ಲಿರಬೇಕು ಎಂದು ಮೊದಲೇ ಮಾತಾಡಿಕೊಂಡಿರಿ, ಕೊನೆ ಗಳಿಗೆಯಲ್ಲಿ ಬಾಗಿಲಲ್ಲಿ ನಿಂತು ಗಡಬಿಡಿ ಆಗುತ್ತದೆ. ಎದೆಯಲ್ಲಿ ಪೇಸ್‌ಮೇಕರ್, ಕಿವಿಯೊಳಗೆ ಕೂರಿಸಿದ ಯಂತ್ರ, ಹಿಂದಿನ ಆಪರೇಶನ್ನಿನ ಕ್ಲಿಪ್ಪು ಅಥವಾ ರಾಡು, ಕಣ್ಣಿಗೆ ಸಿಡಿದ ಕಬ್ಬಿಣದ ಚೂರು ಇದ್ದರೆ ಮುಚ್ಚಿಡದೆ ಹೇಳಿ. ವೆಲ್ಡಿಂಗ್ ಕೆಲಸದವರಿಗೆ ಈ ಕಡೆಯ ಮಾತು ವಿಶೇಷವಾಗಿ. ಬಸುರಿಯಾಗಿರುವ ಸಂಶಯ ಇದ್ದರೂ ಹೇಳಿ.

ಒಳಗೆ ಟಕಟಕ, ಗುಡುಗುಡು ಎಂದು ದೊಡ್ಡ ಸದ್ದು. ಗಿರಣಿಯ ಪಕ್ಕದಲ್ಲಿ ಮಲಗಿದಂತೆ. ಹೆದರಬೇಡಿ, ಕಿವಿಗೆ ಹತ್ತಿ ಅಥವಾ ಹೆಡ್‌ಫೋನ್ ಕೊಡುತ್ತಾರೆ. ಕೈಯಲ್ಲಿ ಒಂದು ರಬ್ಬರಿನ ಚೆಂಡು ಕೊಡುತ್ತಾರೆ, ತಡೆಯಲಾಗದಿದ್ದರೆ ಅದನ್ನು ಹಿಚುಕಿದರೆ ಹೊರಗೆ ತೆಗೆಯುತ್ತಾರೆ. ಮುಕ್ಕಾಲು ತಾಸಿನಿಂದ ಒಂದು ತಾಸು ಹಿಡಿಯಬಹುದು, ಮೊದಲೇ ಮೂತ್ರಕ್ಕೆ ಹೋಗಿ ಬನ್ನಿ. ನಿದ್ದೆ ಬರಿಸುವ ಔಷಧ ಕೊಟ್ಟು ಮಾಡುವ ಸಾದಾ ಎಂ.ಆರ್.ಐ. ಬೇರೆ. ಇಲ್ಲಿ ರೋಗಿ ಎಚ್ಚರ ಇರಲೇಬೇಕು, ಮನಸ್ಸು ಕೆಲಸ ಮಾಡಲೇಬೇಕು. ರಾತ್ರಿ ಬಸ್ಸಿನಲ್ಲಿ ನಿದ್ದೆಗೆಟ್ಟು ಹೋಗಿ ಬೆಳಿಗ್ಗೆ ಮಲಗಿಸಿದರೆ ರೋಗಿ ಒಳಗೆ ನಿದ್ದೆ ಹೋಗುತ್ತಾನೆ. ಆದರೆ ಒಂದು ದಿನ ಮುಂಚೆ ಹೋಗಿ. ಫಿಟ್ಸಿನ ಗುಳಿಗೆಯನ್ನು ಪರೀಕ್ಷೆಯ ನೆಪದಲ್ಲಿ ತಪ್ಪಿಸಬೇಡಿ, ಕನ್ನಡಕ ಇದ್ದವರು ಅದನ್ನು ಒಯ್ಯಿರಿ, ಲೋಹವಿಲ್ಲದ ಕನ್ನಡಕ ಅಲ್ಲಿಯೇ ಕೊಡುವುದುಂಟು.

ಈಗ ಇದರ ಮಿತಿ. ಹೇಳದಿದ್ದರೆ ನಾನು ನಿಮಗೆ ಸುಳ್ಳು ಧೈರ್ಯ ಕೊಟ್ಟಂತೆ. ಬಣ್ಣ ಬಿದ್ದ ಜಾಗವೆಲ್ಲ ಮಾತಿಗೆ ಬೇಕೇ ಬೇಕಾದ ಜಾಗ ಅಲ್ಲ. ಮದುವೆ ಮನೆಯಲ್ಲಿ ಓಡಾಡುವವರೆಲ್ಲ ಅಡುಗೆಯವರೇನೂ ಅಲ್ಲ. ಇನ್ನು ಗಡ್ಡೆಯ ಹತ್ತಿರ ರಕ್ತದ ಹರಿವೇ ಏರುಪೇರಾಗಿರುತ್ತದೆ, ಅಲ್ಲಿ ಮಾತಿನ ಜಾಗ ಇದ್ದರೂ ಬಣ್ಣ ಬೀಳದೆ ಇರಬಹುದು. ಖಾಲಿ ಕಂಡಿತೆಂದು ಸರ್ಜನ್ ನೇರವಾಗಿ ಕೈಹಾಕುವುದಿಲ್ಲ. ಫಂಕ್ಷನಲ್ ಎಂ.ಆರ್.ಐ. ಜೊತೆಗೆ ನರತಂತುಗಳ ದಾರಿ ತೋರಿಸುವ ಇನ್ನೊಂದು ಬಗೆಯ ಎಂ.ಆರ್.ಐ. ಮಾಡುತ್ತಾರೆ. ಮಿದುಳಿನ ಕೋಶಗಳಿಂದ ಹುಟ್ಟುವ ಅತಿ ಸಣ್ಣ ಅಯಸ್ಕಾಂತ ಶಕ್ತಿಯನ್ನು ತಲೆಯ ಹೊರಗಿನಿಂದಲೇ ಅಳೆಯುವ ಎಂ.ಇ.ಜಿ. ಎಂಬ ಯಂತ್ರವೂ ಇದೆ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಅದು ಇದೆ. ರಕ್ತ ಹರಿದು ಬರುವ ತನಕ ಅದು ಕಾಯುವುದಿಲ್ಲ, ಸೆಕೆಂಡಿನ ಸಾವಿರದ ಒಂದು ಪಾಲಿನ ಲೆಕ್ಕದಲ್ಲಿ ಹೇಳುತ್ತದೆ. ಅಮೆರಿಕದ ನರರೋಗ ವೈದ್ಯರ ಸಂಘ 2017ರಲ್ಲಿ ಪುರಾವೆಗಳನ್ನೆಲ್ಲ ತೂಗಿ ನೋಡಿ, ಕೆಲವು ಬಗೆಯ ಫಿಟ್ಸ್ ರೋಗಿಗಳಲ್ಲಿ ಮಾತು ಯಾವ ಕಡೆ ಇದೆ ಎಂದು ತಿಳಿಯಲು ವಾಡಾ ಪರೀಕ್ಷೆಯ ಬದಲು ಫಂಕ್ಷನಲ್ ಎಂ.ಆರ್.ಐ. ಮಾಡಬಹುದು ಎಂದಿತು. ಎಲ್ಲ ರೋಗಿಗಳಿಗೆ ಎಂದು ಹೇಳಲಿಲ್ಲ.

ಗಡ್ಡೆ ಮಾತಿನ ಜಾಗಕ್ಕೆ ತೀರ ಅಂಟಿಕೊಂಡಿದ್ದರೆ ಎಚ್ಚರದ ಆಪರೇಶನ್ ಮಾಡುತ್ತಾರೆ. ಈ ಮಾತು ಕೇಳಿ ಆ ತಾಯಿ ಎದ್ದೇ ನಿಂತಿದ್ದರು. ತಲೆಯ ಚರ್ಮಕ್ಕೆ ಜಡ ಬರುವ ಇಂಜೆಕ್ಷನ್ ಕೊಟ್ಟಿರುತ್ತಾರೆ. ಮಿದುಳಿಗೆ ಸ್ವತಃ ನೋವು ತಿಳಿಯುವುದಿಲ್ಲ. ತಲೆ ತೆರೆದಾದ ಮೇಲೆ ರೋಗಿಯನ್ನು ಎಚ್ಚರಿಸಿ ಚಿತ್ರ ತೋರಿಸುತ್ತ ಹೆಸರು ಕೇಳುತ್ತಾರೆ, ಸರ್ಜನ್ ಸಣ್ಣ ಕರೆಂಟಿನ ಕಡ್ಡಿಯಿಂದ ಒಂದೊಂದೇ ಜಾಗ ಮುಟ್ಟುತ್ತಾರೆ. ಮುಟ್ಟಿದಾಗ ಮಾತು ನಿಂತರೆ ಆ ಜಾಗಕ್ಕೆ ಗುರುತು ಇಟ್ಟು ಬಿಟ್ಟುಬಿಡುತ್ತಾರೆ. ಈಗಲೂ ಎಲ್ಲಕ್ಕಿಂತ ನಂಬಿಕೆಯ ನಕಾಶೆ ಇದೇ. ಸ್ಕ್ಯಾನಿನ ನಕಾಶೆ ಎಲ್ಲಿಂದ ಹೋಗಬೇಕು, ಎಲ್ಲಿ ಜೋಪಾನ ಎಂದು ಮೊದಲೇ ತಿಳಿಸುತ್ತದೆ. ಆಪರೇಶನ್ ಮಾಡಬೇಕೋ ಬೇಡವೋ ಎಂದು ಮನೆಯವರ ಎದುರು ಕುಳಿತು ಮಾತಾಡಲು ಡಾಕ್ಟರ ಕೈಯಲ್ಲಿ ಒಂದು ಆಧಾರ ಇರುತ್ತದೆ. ಆ ತಾಯಿಗೂ ಅದೇ ಆಯಿತು. ಡಾಕ್ಟರು ಚಿತ್ರ ತೋರಿಸಿ, “ನೋಡಮ್ಮ, ಇದು ಗಡ್ಡೆ, ಇದು ನಿನ್ನ ಮಗನ ಮಾತು. ನಡುವೆ ಇಷ್ಟು ಸಂದು ಇದೆ. ಈ ಹಿಂದಿನ ಅಂಚಿನಲ್ಲಿ ಮಾತ್ರ ಸಂದಿಲ್ಲ, ಅಲ್ಲಿ ಬಿಟ್ಟುಬಿಡುತ್ತೇವೆ” ಎಂದರಂತೆ. ಅವರು ಹೆಬ್ಬೆಟ್ಟು ಒತ್ತಿದ್ದು ಅದನ್ನು ನೋಡಿದ ಮೇಲೆ.

ಸಾದಾ ಎಂ.ಆರ್.ಐ. ಹುಬ್ಬಳ್ಳಿ, ದಾವಣಗೆರೆಗಳಲ್ಲೂ ಆಗುತ್ತದೆ. ಭಾಷೆಯ ಫಂಕ್ಷನಲ್ ಎಂ.ಆರ್.ಐ. ಎಲ್ಲ ಕಡೆ ಇಲ್ಲ. ಯಂತ್ರಕ್ಕಿಂತ ಅದನ್ನು ಮಾಡಿಸಿ ಓದಬಲ್ಲ ತಜ್ಞರು ಬೇಕು. ಎಲ್ಲರಿಗೂ ಇದು ಬೇಕಾಗಿಯೂ ಇಲ್ಲ. ತಲೆನೋವಿಗೆ, ಮಗು ತಡವಾಗಿ ಮಾತಾಡಿದ್ದಕ್ಕೆ ಈ ಪರೀಕ್ಷೆ ಮಾಡಿಸಿ ಎಂದು ಕೇಳಬೇಡಿ. ಬಿ.ಪಿ.ಎಲ್. ಕಾರ್ಡು ಇದ್ದವರು 2018ರಲ್ಲಿ ಬಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯ ಬಗ್ಗೆ ಹೊರಡುವ ಮೊದಲೇ ವಿಚಾರಿಸಿ, ಯಾವ ಚಿಕಿತ್ಸೆಗೆ ಯಾವ ಶಿಫಾರಸು ಪತ್ರ ಬೇಕು ಎಂದು ಕೇಳಿಕೊಳ್ಳಿ. ಮೂಲ ಕಾಗದ, ಹಳೆಯ ಸ್ಕ್ಯಾನಿನ ಫಿಲ್ಮು ಮತ್ತು ಸಿ.ಡಿ. ಮರೆಯಬೇಡಿ. ವರದಿ ಒಂದೇ ಸಾಲದು, ಫಿಲ್ಮೇ ಬೇಕು.

ನಮ್ಮಲ್ಲಿಂದ ಹೋಗುವ ಕಾಗದದಲ್ಲಿ ಈಗ ನಾನು ಕೆಲವು ಸಾಲು ಹೆಚ್ಚು ಬರೆಯುತ್ತೇನೆ. ನೀವೂ ಬರೆಸಿಕೊಳ್ಳಿ. ಮನೆಯಲ್ಲಿ ಯಾವ ಮಾತು, ಹೊರಗೆ ಯಾವ ಮಾತು, ಓದು ಬರುತ್ತದೆಯೋ ಇಲ್ಲವೋ, ಯಾವ ಕೈಯಲ್ಲಿ ಊಟ ಮಾಡುತ್ತಾರೆ ಎಂದಲ್ಲ, ಯಾವ ಕೈಯಲ್ಲಿ ಕುಡಗೋಲು ಹಿಡಿಯುತ್ತಾರೆ, ಕಲ್ಲು ಒಗೆಯುತ್ತಾರೆ. ನಮ್ಮಲ್ಲಿ ಎಡಚ ಮಕ್ಕಳಿಗೆ ಹೊಡೆದು ಬಲಗೈಯಲ್ಲಿ ಉಣ್ಣಿಸಿರುತ್ತಾರೆ. ಊಟದ ಕೈ ನೋಡಿ ಮೋಸ ಹೋಗಬಾರದು.

ಮಾವನ ವಿಷಯ ಅರ್ಧಕ್ಕೇ ಬಿಟ್ಟೆ. ಅವರಿಗೆ ಅರ್ಥದ ಮಾತು ಬಹಳ ದಿನ ಬರಲಿಲ್ಲ. ಆದರೆ ಒಂದು ಸಂಜೆ ಅಜ್ಜಿ ಮದಗದ ಕೆರೆಯ ಹಾಡು ಗುನುಗುತ್ತಿದ್ದಾಗ ಇವರೂ ಕೂಡಿಕೊಂಡು ಎರಡು ನುಡಿ ಸರಿಯಾಗಿ ಹಾಡಿಬಿಟ್ಟರು. ಮನೆಯವರೆಲ್ಲ ಬೆರಗಾದರು. ಹಾಡಿಗೆ ಬಲ ಮಿದುಳಿನ ಸಹಾಯವೂ ಇದೆ, ಬಾಯಿಪಾಠದ ಮಾತು ಹೊಸದಾಗಿ ಕಟ್ಟುವ ಮಾತಿನಂತಲ್ಲ. 1973ರಲ್ಲಿ ಅಮೆರಿಕದ ವೈದ್ಯರು ರಾಗದ ಮೂಲಕ ಮಾತು ಕಲಿಸುವ ಒಂದು ಚಿಕಿತ್ಸೆಯನ್ನೇ ಪ್ರಕಟಿಸಿದರು. ಅದು ಹೆಚ್ಚಾಗಿ ಉಪಯೋಗಕ್ಕೆ ಬರುವುದು ಅರ್ಥ ತಿಳಿಯುತ್ತದೆ, ಮಾತು ಹೊರಡುವುದಿಲ್ಲ ಎನ್ನುವವರಿಗೆ. ಮಾವನ ತೊಂದರೆ ಬೇರೆ ಬಗೆಯದು, ಅವರಿಗೆ ಹಾಡು ಹಾಡಾಗಿಯೇ ಉಳಿಯಿತು. ಅವರ ಮುಂದೆ ನಿಧಾನವಾಗಿ, ಒಂದೊಂದೇ ವಿಷಯ, ಕೈ ಸನ್ನೆ ಮಾಡಿ, ವಸ್ತು ತೋರಿಸಿ ಮಾತಾಡುವುದನ್ನು ಅತ್ತೆ ಕಲಿತರು. ಕಿವುಡರ ಮುಂದೆ ಕೂಗಿದಂತೆ ಕೂಗುವುದನ್ನು ಬಿಟ್ಟರು.

ಆ ಹುಡುಗನ ಆಪರೇಶನ್ ಆಗಿ ವರ್ಷವಾಗುತ್ತ ಬಂತು. ಮೊದಲ ವಾರಗಳಲ್ಲಿ ಮಾತು ತಡೆದು ತಡೆದು ಬರುತ್ತಿತ್ತು, ತಾಯಿ ನನಗೆ ಫೋನು ಮಾಡಿ ಅತ್ತಿದ್ದರು. ಬಾವು ಇಳಿದ ಮೇಲೆ ಸುಧಾರಿಸಿತು. ಈಗಲೂ ಅವಸರದಲ್ಲಿ ಕೆಲವು ಹೆಸರು ಸಿಗುವುದಿಲ್ಲ, “ಅದು, ಅದು” ಎನ್ನುತ್ತಾನೆ. ವಿಚಿತ್ರವೆಂದರೆ ಲಂಬಾಣಿಯಲ್ಲಿ ತಡವರಿಸುವುದು ಕಡಿಮೆ, ಕನ್ನಡದಲ್ಲಿ ಹೆಚ್ಚು. ಡಾಕ್ಟರು ಬೇಡ ಎಂದದ್ದರಿಂದ ಟೆಂಪೋ ಬಿಟ್ಟು ಅಣ್ಣನ ಕಿರಾಣಿ ಅಂಗಡಿಯಲ್ಲಿ ಕೂರುತ್ತಾನೆ. ಹಿಂದಿನ ಅಂಚಿನಲ್ಲಿ ಬಿಟ್ಟ ಗಡ್ಡೆಯ ಚೂರು ಬೆಳೆಯುತ್ತಿದೆಯೇ ಎಂದು ಆಗಾಗ ನೋಡಬೇಕು. ಬರುವ ತಿಂಗಳು ಮತ್ತೆ ಬೆಂಗಳೂರಿಗೆ ಹೋಗಬೇಕಾಗಿದೆ. ಕಾಗದ ಬರೆದು ಇಟ್ಟಿದ್ದೇನೆ, ಈ ಸಲ ಎರಡೂ ಭಾಷೆಯ ಹೆಸರು ಅದರಲ್ಲಿವೆ.